ಹಳೇ ಕಂಪ್ಯೂಟರಿಗೆ ಎಷ್ಟು ಕೊಡಬಹುದು?

ತುಮಕೂರಿನಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕಂಪನಿಗಳು ಬಿಟ್ಟ ಡೆಸ್ಕ್‌ಟಾಪ್‌ಗಳನ್ನು ತರುತ್ತೇನೆ. ಊರಿನ ಆಫೀಸು, ಶಾಲೆ, ಮನೆಗಳವರು ಹೊತ್ತು ತಂದದ್ದನ್ನೂ ಕೊಳ್ಳುತ್ತೇನೆ. ಎರಡನ್ನೂ ಸರಿಮಾಡಿ ಮಾರುವುದು ಹೊಟ್ಟೆಪಾಡು. ‘ಇದಕ್ಕೆ ಎಷ್ಟು ಬರಬಹುದು?’ ಎಂದು ಫೋನಿನಲ್ಲಿ ಕೇಳುವವರಿಗೆ ನಾನು ಅಂಕಿ ಹೇಳುವುದಿಲ್ಲ. ಯಾರಿಗೆ ಬೇಕು, ಯಾವ ಕೆಲಸಕ್ಕೆ ಬೇಕು, ಆ ಕೆಲಸಕ್ಕೆ ಸಜ್ಜು ಮಾಡಲು ಇನ್ನೆಷ್ಟು ಸುರಿಯಬೇಕು ಎನ್ನುವುದು ಗೊತ್ತಾದ ಮೇಲೆ ಅಂಕಿ ತಾನಾಗಿ ಬರುತ್ತದೆ.

1. ಕೊಂಡ ಬೆಲೆ ಲೆಕ್ಕಕ್ಕಿಲ್ಲ

ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚುತ್ತಿದ್ದ ಮೇಷ್ಟ್ರೊಬ್ಬರು ಆಟೋದಲ್ಲಿ ಸಿಸ್ಟಂ ತಂದಿಳಿಸಿ, “ನಲವತ್ತೆರಡು ಸಾವಿರ ಎಣಿಸಿ ಕೊಟ್ಟಿದ್ದು ಕಣಪ್ಪಾ, ಅರ್ಧ ಆದ್ರೂ ಬರ್ಬೇಡ್ವಾ?” ಎಂದರು. “ಮೇಷ್ಟ್ರೇ, ಟ್ಯಾಕ್ಸ್‌ನೋರೇ ಒಪ್ಪಲ್ಲ” ಎಂದೆ. ತಮಾಷೆಗೆ ಹೇಳಿದ್ದಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40ರಷ್ಟು ಸವಕಳಿ. 42,000 ರೂಪಾಯಿಯದು ಮೊದಲ ವರ್ಷ ಮುಗಿಯುವಾಗ 25,200, ಎರಡನೆಯದಕ್ಕೆ 15,120, ಮೂರನೆಯದಕ್ಕೆ 9,072, ನಾಲ್ಕನೆಯದಕ್ಕೆ 5,443. ಕಂಪನಿ ಕಾಯ್ದೆಯ ಪ್ರಕಾರವಂತೂ ಡೆಸ್ಕ್‌ಟಾಪಿನ ಆಯುಸ್ಸು ಮೂರೇ ವರ್ಷ. ದೊಡ್ಡ ಆಫೀಸುಗಳು ಚೆನ್ನಾಗಿ ಓಡುತ್ತಿರುವ ಸಿಸ್ಟಂಗಳನ್ನೇ ಲಾಟ್‌ಗಟ್ಟಲೆ ಹೊರಹಾಕುವುದಕ್ಕೆ ಇದೂ ಒಂದು ಕಾರಣ, ನನ್ನಂಥವರ ಅಂಗಡಿ ನಡೆಯುವುದಕ್ಕೂ ಇದೇ ಕಾರಣ.

ಹಾಗಂತ ಲೆಕ್ಕದ ಪುಸ್ತಕದ ಬೆಲೆಯೇ ಮಾರುಕಟ್ಟೆ ಬೆಲೆಯಲ್ಲ. ಪುಸ್ತಕದಲ್ಲಿ ಸೊನ್ನೆಯಾದದ್ದಕ್ಕೆ ಆರೇಳು ಸಾವಿರ ಸಿಗುವುದುಂಟು. ಹದಿನೈದು ಸಾವಿರ ಎಂದು ಬರೆದಿದ್ದಕ್ಕೆ ಗಿರಾಕಿಯೇ ಸಿಗದಿರುವುದೂ ಉಂಟು.

2. ಮೇಲೊಂದು ಗೆರೆ, ಕೆಳಗೊಂದು ಗೆರೆ

ಮೇಲಿನ ಗೆರೆ ಎಂದರೆ ಅಂಥದ್ದೇ ಸಿಸ್ಟಂ ಅಂಗಡಿಯಲ್ಲಿ ಬಿಲ್ಲು, ವಾರಂಟಿ ಸಮೇತ ಸಿಗುವ ಬೆಲೆ. ಖಾಸಗಿಯವರಿಗೆ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಲು ಕಾರಣವೇ ಇಲ್ಲ. ಕೆಳಗಿನ ಗೆರೆ, ರ‍್ಯಾಮ್, ಪ್ರೊಸೆಸರ್, ಎಸ್‌ಎಸ್‌ಡಿ ಬಿಚ್ಚಿ ಮಾರಿದರೆ ಬರುವ ದುಡ್ಡು. ಅವೂ ಹೋದರೆ ಉಳಿಯುವುದು ಗುಜರಿಯವನ ತಕ್ಕಡಿ. ನಿಜವಾದ ಬೆಲೆ ಈ ಎರಡು ಗೆರೆಗಳ ನಡುವೆ ಎಲ್ಲೋ ಇರುತ್ತದೆ.

ಒಂದು ಲೆಕ್ಕ ಹಾಕೋಣ. ಐ5-6500 ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಬ್ರಾಂಡೆಡ್ ಸಿಸ್ಟಂ ಅಂಗಡಿಯಲ್ಲಿ ಮೂರು ತಿಂಗಳ ವಾರಂಟಿಗೆ 11,000 ರೂಪಾಯಿ ಅಂದುಕೊಳ್ಳಿ. ನಿಮಗೆ ಪಕ್ಕದ ಬೀದಿಯವರು ಮಾರುತ್ತಿರುವುದರಲ್ಲಿ ಹಳೆ ಹಾರ್ಡ್‌ಡಿಸ್ಕ್ ಇದೆ. ಎಸ್‌ಎಸ್‌ಡಿಗೆ 2,000 ಕಳೆಯಿರಿ. ವಾರಂಟಿ ಇಲ್ಲ, ನಾಳೆ ಕೆಟ್ಟರೆ ನಿಮ್ಮ ಪಾಡು, ಅದಕ್ಕೆ 1,500. ಕ್ಲೀನ್ ಮಾಡಿಸುವುದು, ಪ್ರೊಸೆಸರಿಗೆ ಪೇಸ್ಟ್ ಹಾಕಿಸುವುದು, ಓಡಾಟಕ್ಕೆ 500. ಉಳಿದದ್ದು 7,000. ಇದು ಕೊನೆಯ ಮಾತು. ಚೌಕಾಶಿ ಶುರುವಾಗುವುದು ಇದಕ್ಕಿಂತ ಕೆಳಗಿನಿಂದ. ಆನ್‌ಲೈನ್ ಜಾಹೀರಾತಿನಲ್ಲಿ ಮಾರುವವರು ಬರೆದುಕೊಂಡ ಬೆಲೆಯನ್ನು ಮೇಲಿನ ಗೆರೆ ಎಂದು ಹಿಡಿಯಬೇಡಿ. ಅದು ಅವರು ಕೇಳುವ ಬೆಲೆ. ತಿಂಗಳಾದರೂ ಆ ಜಾಹೀರಾತು ಹಾಗೇ ಇದ್ದರೆ ಆ ಬೆಲೆಗೆ ಯಾರೂ ಕೊಂಡಿಲ್ಲ ಎಂದೇ ಅರ್ಥ.

3. ಐ5, ಐ7 ಬಿಟ್ಟು ಮುಂದಿನ ಅಂಕಿ ಓದಿ

ಗಿರಾಕಿಗಳು ಬಂದ ತಕ್ಷಣ ಹೇಳುವುದು, “ಐ7 ಇದೆ ಸಾರ್.” ಯಾವ ಐ7? ಐ5-6500ರಲ್ಲಿ ಗೆರೆಯ ಮುಂದಿನ 6 ಅದರ ತಲೆಮಾರು, ಐ5-10400 ಹತ್ತನೆಯದು. ಮೂರೇ ಅಂಕಿ ಇದ್ದರೆ ಮೊದಲನೆಯ ತಲೆಮಾರು. 2009ರ ಐ7-860 ತನ್ನ ಕಾಲದಲ್ಲಿ ದೊಡ್ಡ ಮನುಷ್ಯ. 2017ರ ಐ3-8100 ಇವತ್ತು ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ, ಕರೆಂಟೂ ಕಡಿಮೆ ತಿನ್ನುತ್ತದೆ.

ತಲೆಮಾರುಗಳ ನಡುವೆ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಅದರಲ್ಲಿ ಒಂದು ಮೆಟ್ಟಿಲು ಮಾತ್ರ ಬಹಳ ಎತ್ತರ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಅಧಿಕೃತವಾಗಿ ಕೂರುವುದು, ಬೆರಳೆಣಿಕೆಯ ಅಪವಾದ ಬಿಟ್ಟರೆ, ಇಂಟೆಲ್‌ನ 8ನೇ ತಲೆಮಾರು ಮತ್ತು ಮೇಲಿನವಕ್ಕೆ, ರೈಜೆನ್‌ನಲ್ಲಾದರೆ 2000 ಸರಣಿಯಿಂದ ಈಚಿನವಕ್ಕೆ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವೂ ಮುಗಿಯಿತು. ಹಾಗಾಗಿ 6 ಮತ್ತು 7ನೇ ತಲೆಮಾರಿನ ಗಟ್ಟಿಮುಟ್ಟಾದ ಸಿಸ್ಟಂಗಳು ವೇಗ ಸಾಲದ್ದಕ್ಕಲ್ಲ, ಈ ನಿಯಮದ ದೆಸೆಯಿಂದ ಅಗ್ಗವಾಗಿವೆ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ “ಲೇಟೆಸ್ಟ್ ವಿಂಡೋಸ್” ಎಂದು ಎರಡು ಸಾವಿರ ಹೆಚ್ಚಿಗೆ ಕೇಳುವವರಿದ್ದಾರೆ. ಆ ಎರಡು ಸಾವಿರ ಕೊಡಬೇಡಿ. ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತರಿ ಅಲ್ಲಿಲ್ಲ.

ಅಗ್ಗವಾಗಿರುವುದೇ ಕೆಲವರಿಗೆ ಅನುಕೂಲ. ಡಿಗ್ರಿ ಓದುವ ಮಗಳಿಗೆ ಕೋಡಿಂಗ್ ಕಲಿಯಲು ಬೇಕು ಎಂದರೆ 6ನೇ ತಲೆಮಾರಿನದಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ, ಕಗಪ ವಿನ್ಯಾಸದ ಕನ್ನಡ ಕೀಲಿಮಣೆ ಅದರಲ್ಲೇ ಇದೆ. ಅದೇ ಸಿಸ್ಟಂ ಪೇಜ್‌ಮೇಕರ್ ಮತ್ತು ನುಡಿಯಲ್ಲಿ ಲಗ್ನಪತ್ರಿಕೆ ಮಾಡುವ ಡಿಟಿಪಿಯವರಿಗೆ ವಿಂಡೋಸ್ ಇಲ್ಲದೆ ಮೂರು ಕಾಸಿಗೂ ಬೇಡ.

4. ಮುಚ್ಚಳ ತೆಗೆಯದೆ ಬಾಯಿ ಬಿಡಬೇಡಿ

ನೋಡಲು ಹೋದಾಗ ಸಿಸ್ಟಂ ಆಗಲೇ ಆನ್ ಆಗಿದ್ದರೆ ನನಗೆ ಅನುಮಾನ. ಹಿಂಭಾಗಕ್ಕೆ ಕೈ ಇಟ್ಟರೆ ಬಿಸಿ ಗೊತ್ತಾಗುತ್ತದೆ. ಆಫ್ ಮಾಡಿಸಿ, ವೈರ್ ಕಿತ್ತು, ತಣ್ಣಗಾಗುವವರೆಗೆ ಕಾಫಿಗೆ ಹೋಗಿ ಬರುತ್ತೇನೆ. ಕೆಪಾಸಿಟರ್ ಸೋತ ಬೋರ್ಡು, ಸುಸ್ತಾದ ಎಸ್‌ಎಂಪಿಎಸ್ (ಪವರ್ ಸಪ್ಲೈ) ಬಿಸಿಯಿದ್ದಾಗ ಸುಮ್ಮನಿದ್ದು, ತಣ್ಣಗಿದ್ದಾಗ ಏಳಲು ರಂಪ ಮಾಡುತ್ತವೆ.

ಬಂದ ಮೇಲೆ ಪಕ್ಕದ ಮುಚ್ಚಳ ತೆಗೆಯುವುದು. ಮೊದಲ ಕೆಲಸ ಮೂಗಿನದು. ಎಸ್‌ಎಂಪಿಎಸ್‌ನ ಜಾಲರಿ ಹತ್ತಿರ ಸುಟ್ಟ ವಾಸನೆ ಬಂದರೆ ಅದರ ಬೆಲೆ ಕಳೆದುಬಿಡಿ. ಆಮೇಲೆ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಜಿಗುಟು ಒಸರಿದ್ದರೆ ಬೋರ್ಡಿನ ದಿನ ತುಂಬಿದೆ. 2000ದ ದಶಕದ ಮಾಲಿನಲ್ಲಿ ಈ ಕಾಯಿಲೆ ವಿಪರೀತ. ಘನ ಕೆಪಾಸಿಟರ್ ಬಂದ ಮೇಲೆ ಕಡಿಮೆಯಾಯಿತು.

ದೂಳು ನೋಡಿದರೆ ಅದು ಎಲ್ಲಿ ಕೂತಿತ್ತು ಅನ್ನುವುದು ಗೊತ್ತಾಗುತ್ತದೆ. ಎಸಿ ಆಫೀಸಿನದಾದರೆ ಫ್ಯಾನಿನ ಅಂಚಿಗೆ ತೆಳ್ಳನೆಯ ಬೂದು ಗೆರೆ ಅಷ್ಟೇ. ಸಿಮೆಂಟ್ ಅಂಗಡಿಯದಾದರೆ ಹೀಟ್‌ಸಿಂಕ್‌ನ ಸಂದಿಯೆಲ್ಲ ಕಟ್ಟಿಕೊಂಡು ಗಟ್ಟಿಯಾಗಿರುತ್ತದೆ. ಕಿರಾಣಿ ಅಂಗಡಿಯದರಲ್ಲಿ ಜಿರಳೆ. ಮಂಗಳೂರು, ಕಾರವಾರದ ಕಡೆಯಿಂದ ಬಂದದ್ದರಲ್ಲಿ ಪೋರ್ಟುಗಳ ಅಂಚು, ಸ್ಕ್ರೂಗಳ ತಲೆಗೆ ತುಕ್ಕು ಹಿಡಿದಿದ್ದರೆ ನಾನು ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಉಪ್ಪುಗಾಳಿ ಬೋರ್ಡಿನ ಒಳಗೆ ಏನು ಮಾಡಿದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ.

ಇನ್ನು ಕ್ಯಾಬಿನೆಟ್ ಮೇಲಿನ ಸ್ಟಿಕರ್. ಅದನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಲು ಎರಡು ನಿಮಿಷ ಬೇಡ. ಆನ್ ಮಾಡಿ ಬಯೋಸ್‌ಗೆ ಹೋಗಿ ಪ್ರೊಸೆಸರ್, ರ‍್ಯಾಮ್ ಎಷ್ಟೆಂದು ಅಲ್ಲೇ ಓದಿ. ಗಡಿಯಾರ ಹತ್ತು ವರ್ಷ ಹಿಂದೆ ಹೋಗಿದ್ದರೆ ಗಾಬರಿ ಬೇಡ, ಸಿಆರ್2032 ಬಟನ್ ಬ್ಯಾಟರಿ ಸತ್ತಿರುತ್ತದೆ. ಚಿಲ್ಲರೆ ಖರ್ಚು. ಚೌಕಾಶಿಗೆ ಮಾತ್ರ ಒಳ್ಳೆಯ ವಸ್ತು.

5. ಹಾರ್ಡ್‌ಡಿಸ್ಕ್ ಸುಳ್ಳು ಹೇಳುವುದು ಕಡಿಮೆ

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸದಾ ನನ್ನ ಪೆನ್‌ಡ್ರೈವ್‌ನಲ್ಲಿರುತ್ತದೆ. ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಅದು ತೋರಿಸುತ್ತದೆ. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ ಮುನ್ನೂರು ದಿನ ಎಂದರೆ 3,000 ಗಂಟೆ. ಐದು ವರ್ಷದ ಆಫೀಸು ಸಿಸ್ಟಂನಲ್ಲಿ 15,000ದ ಆಸುಪಾಸು ಇದ್ದರೆ ಮಾತು ತಾಳೆಯಾಯಿತು. ‘ಮನೇಲಿ ಮಕ್ಕಳು ಆಗಾಗ ಉಪಯೋಗಿಸ್ತಿದ್ರು’ ಎಂದವರ ಡಿಸ್ಕ್ 40,000 ಗಂಟೆ ತೋರಿಸಿದರೆ? ವರ್ಷಕ್ಕೆ 8,760 ಗಂಟೆ. ಅಂದರೆ ನಾಲ್ಕೂವರೆ ವರ್ಷ ಹಗಲೂ ರಾತ್ರಿ ನಿಲ್ಲದೆ ಓಡಿದೆ. ಸಿಸಿಟಿವಿಯ ಡಿವಿಆರ್‌ನಿಂದ ಕಿತ್ತು ಹಾಕಿದ್ದಿರಬೇಕು. ಗಂಟೆ ಎಷ್ಟೇ ಇರಲಿ, ಸಿ5 ಸಾಲಿನ (ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಲೆಕ್ಕ) ರಾ ವ್ಯಾಲ್ಯೂ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಡಿಸ್ಕಿಗೆ ಬೆಲೆ ಕಟ್ಟಬೇಡಿ.

6. ಬಯೋಸ್ ಪಾಸ್‌ವರ್ಡ್ ಇದ್ದರೆ ನಮಸ್ಕಾರ ಹೇಳಿ ಬನ್ನಿ

ಬ್ಯಾಟರಿ ತೆಗೆದು ಹಾಕಿದರೆ ಹೋಗುತ್ತದೆ ಎನ್ನುತ್ತಾರೆ. ಕಂಪನಿ ಮಾಲಿನಲ್ಲಿ ಬಹಳ ಸಲ ಹೋಗುವುದಿಲ್ಲ.

7. ಬ್ರಾಂಡೆಡ್ಡೋ, ಅಸೆಂಬಲ್ಡೋ

ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಇವು ಆಫೀಸಿಗೆಂದೇ ಹುಟ್ಟಿದವು. ತಯಾರಾದ ಕಾಲವನ್ನು ಸೀರಿಯಲ್ ನಂಬರಿನಿಂದ ತಿಳಿಯಬಹುದು. ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ಸಮೇತ ಬಂದವುಗಳ ಲೈಸೆನ್ಸ್ ಬೋರ್ಡಿನಲ್ಲೇ ಇರುತ್ತದೆ, ಅದಕ್ಕೊಂದು ಬೆಲೆ ಉಂಟು. ಆದರೆ ಇವುಗಳಲ್ಲಿ ಸಣ್ಣ ಡಬ್ಬದ ಮಾದರಿಗಳ ಎಸ್‌ಎಂಪಿಎಸ್ ಹೋದರೆ ಮಾಮೂಲಿ 24 ಪಿನ್ನಿನದು ಕೂರುವುದಿಲ್ಲ. ಆಯಾ ಮಾದರಿಯದೇ ಬೇಕು, ಹುಡುಕಿಕೊಂಡು ಎಸ್.ಪಿ. ರಸ್ತೆಗೇ ಹೋಗಬೇಕು. ‘ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮ್ ಆಡ್ತೀನಿ ಅಂಕಲ್’ ಎನ್ನುವ ಹುಡುಗರಿಗೆ ಈ ಸಣ್ಣ ಡಬ್ಬ ಕೊಳ್ಳಲು ಹೇಳುವುದಿಲ್ಲ. ಅರ್ಧ ಎತ್ತರದ, ಪ್ರತ್ಯೇಕ ಪವರ್ ಕೇಬಲ್ ಬೇಡದ ಕಾರ್ಡ್ ಮಾತ್ರ ಅದರಲ್ಲಿ ಹಿಡಿಯುತ್ತದೆ. ಅಂಥವರಿಗೆ ಅಸೆಂಬಲ್ಡ್ ಟವರ್ ವಾಸಿ, ಯಾವ ಭಾಗ ಕೆಟ್ಟರೂ ಮೂಲೆ ಅಂಗಡಿಯಲ್ಲಿ ಸಿಗುತ್ತದೆ. ಅಸೆಂಬಲ್ಡ್‌ನಲ್ಲಿ ಬೋರ್ಡು, ಎಸ್‌ಎಂಪಿಎಸ್ ಯಾವ ಕಂಪನಿಯದೆಂದು ನೋಡದೆ ಬೆಲೆ ಹೇಳುವಂತಿಲ್ಲ. ಹೊರಗೆ ಬಣ್ಣದ ಲೈಟು, ಒಳಗೆ ಹೆಸರೇ ಇಲ್ಲದ ಎಸ್‌ಎಂಪಿಎಸ್, ಇದು ದಿನಾ ನೋಡುವ ದೃಶ್ಯ.

8. ಹಳತಾದಷ್ಟೂ ಬೆಲೆ ಇಳಿಯಲೇಬೇಕೆಂದಿಲ್ಲ

ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಾಗಲಿ ಪೀಣ್ಯದಲ್ಲಾಗಲಿ ಹಳೆಯ ಸಿಎನ್‌ಸಿ ಯಂತ್ರ ಇಟ್ಟುಕೊಂಡವರಿಗೆ ಬೇಕಾಗುವುದು ನಿಜವಾದ ಸೀರಿಯಲ್ ಪೋರ್ಟ್ ಇರುವ, ವಿಂಡೋಸ್ ಎಕ್ಸ್‌ಪಿ ಓಡುವ ಸಿಸ್ಟಂ. ಆರ್‌ಎಸ್-232 ಕೇಬಲ್ಲಿನಲ್ಲೇ ಯಂತ್ರಕ್ಕೆ ಪ್ರೋಗ್ರಾಂ ಹೋಗಬೇಕು. ಯುಎಸ್‌ಬಿ ಕನ್ವರ್ಟರ್ ಕೆಲವೊಮ್ಮೆ ಕೈಕೊಡುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ನಿಂತಿರುವಾಗ ಅಂಥವರು ಗುಜರಿಗೆ ಹೋಗಬೇಕಿದ್ದ ಡಬ್ಬಕ್ಕೆ ಮಾತಾಡದೆ ದುಡ್ಡು ಕೊಡುತ್ತಾರೆ. ಪ್ಯಾರಲಲ್ ಪೋರ್ಟಿನ ಡಾಂಗಲ್ ಹಾಕಿ ಓಡಿಸುವ ಹಳೆ ತಂತ್ರಾಂಶ, ಅದೇ ಪೋರ್ಟಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರುವವರದೂ ಇದೇ ಕತೆ. ಹಿಂಭಾಗದ ಪೋರ್ಟು ನೋಡದೆ ಹಳೆ ಮಾಲು ಎಸೆಯಬೇಡಿ.

ಐ7-4790 ಇನ್ನೊಂದು ಬಗೆ. 4ನೇ ತಲೆಮಾರಿನ ಬೋರ್ಡಿಗೆ ಹಾಕಬಹುದಾದವುಗಳಲ್ಲಿ ಅದು ಮೇಲಿನ ಸಾಲಿನದು. ಐ3 ಇರುವ ಅದೇ ಬೋರ್ಡಿನವರೆಲ್ಲ ಬದಲಾಯಿಸಲು ಅದನ್ನೇ ಹುಡುಕುತ್ತಾರೆ, ಹಾಗಾಗಿ ಬೆಲೆ ಮೊಂಡುತನದಿಂದ ನಿಂತಿದೆ. ರ‍್ಯಾಮ್ ವಿಷಯವಂತೂ 2025ರಲ್ಲಿ ತಲೆಕೆಳಗಾಯಿತು. ಎಐ ಡೇಟಾ ಸೆಂಟರ್‌ಗಳ ಹಸಿವು ಒಂದು ಕಡೆ, ಡಿಡಿಆರ್4 ತಯಾರಿಕೆ ಕಡಿಮೆ ಮಾಡಿದ ಕಂಪನಿಗಳು ಇನ್ನೊಂದು ಕಡೆ. ವರ್ಷದ ಕೊನೆಗೆ ಬೆಲೆ ಗಗನಕ್ಕೇರಿತು. ಸಿಸ್ಟಂ ಒಳಗೆ 16 ಜಿಬಿ ಡಿಡಿಆರ್4 ಇದ್ದರೆ ಅದನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಉಳಿದದ್ದು. ಡಿಡಿಆರ್3ಯನ್ನು ಅದರ ಜೊತೆ ತೂಗಬೇಡಿ, ಈಚಿನ ಬೋರ್ಡಿಗೆ ಅದು ಕೂರುವುದಿಲ್ಲ.

9. ಜೊತೆಗೆ ಬರುವ ಸಾಮಾನು

ಕೀಬೋರ್ಡ್, ಮೌಸ್, ಸ್ಪೀಕರ್: ಸೊನ್ನೆ. ಯುಪಿಎಸ್‌ನ ಬ್ಯಾಟರಿ ಹೊಸದಲ್ಲದಿದ್ದರೆ ಅದೂ ಸೊನ್ನೆ. ಮಾನಿಟರ್‌ಗೆ ಬೇರೆಯೇ ಬೆಲೆ ಕಟ್ಟಿ; ಬಿಳಿ ಪರದೆ ತೋರಿಸಿ ಕಲೆ ಇದೆಯಾ, ಹಳದಿಗಟ್ಟಿದೆಯಾ ನೋಡಿ. ವಿಜಿಎ ಒಂದೇ ಇದ್ದರೆ ಇನ್ನಷ್ಟು ಇಳಿಸಿ.

10. ಕರೆಂಟು ಬಿಲ್ಲೂ ಬೆಲೆಯೇ

ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಮುನ್ನೂರು ದಿನ ಓಡುವ ಕಡೆ 60 ವ್ಯಾಟ್ ತಿನ್ನುವ ಹಳೆ ಟವರಿಗೂ 15 ವ್ಯಾಟಿನ ಪುಟಾಣಿ ಡಬ್ಬಕ್ಕೂ ವರ್ಷಕ್ಕೆ 108 ಯೂನಿಟ್ ವ್ಯತ್ಯಾಸ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಸುಮಾರು 650 ರೂಪಾಯಿ. ಮನೆಯಲ್ಲಿ ಒಂದಕ್ಕೆ ಇದು ದೊಡ್ಡದಲ್ಲ. ಇಪ್ಪತ್ತು ಸಿಸ್ಟಂ ಇಡುವ ಶಾಲೆಗೆ ವರ್ಷಕ್ಕೆ 13,000. ಶಾಲೆಯವರಿಗೆ ನಾನು ಮೊದಲು ಹೇಳುವ ಮಾತೇ ಇದು.

11. ಕಾಗದ ಮತ್ತು ಡಿಸ್ಕ್

ಕಂಪನಿಯ ಬಾರ್‌ಕೋಡ್ ಚೀಟಿ ಇನ್ನೂ ಅಂಟಿಕೊಂಡಿರುವ ಸಿಸ್ಟಂ ಅನ್ನು ಯಾರಾದರೂ ಒಬ್ಬರೇ ಬೈಕಿನಲ್ಲಿ ತಂದರೆ, ಕಂಪನಿ ಮಾರಿದ್ದಕ್ಕೆ ಕಾಗದ ಕೇಳುತ್ತೇನೆ. ಇಲ್ಲವೆಂದರೆ ಎಷ್ಟೇ ಅಗ್ಗವಾದರೂ ಬೇಡ. ಅಂಗಡಿಯಿಂದ ಕೊಳ್ಳುವಾಗ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ. ‘ಟೆಸ್ಟಿಂಗ್ ವಾರಂಟಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಎಷ್ಟು ದಿನ ಎಂಬುದನ್ನೂ ಅಲ್ಲೇ ಬರೆಸಿ. ಮಾರುವವರಿಗೆ ಹೇಳುವುದಿಷ್ಟು: ಡಿಸ್ಕ್ ಕೊಡಲೇಬೇಕೆಂದಿಲ್ಲ. ಹಳೆ ಹಾರ್ಡ್‌ಡಿಸ್ಕ್ ಇಟ್ಟುಕೊಂಡರೆ ನಾನು ಕಡಿಮೆ ಮಾಡುವುದು ನಾನೂರೋ ಐನೂರೋ. ಆಡಿಟರ್, ಡಾಕ್ಟರ್, ವಕೀಲರು ಬಂದರೆ ರೇಟು ಮಾತಾಡುವ ಮೊದಲೇ ಡಿಸ್ಕ್ ಬಿಚ್ಚಿ ಅವರ ಕೈಗೆ ಕೊಟ್ಟುಬಿಡುತ್ತೇನೆ.