ಶಹಾಬಾದದ ಸುಣ್ಣಕಲ್ಲು ಮತ್ತು ನಿಲ್ಲದ ನೀಲಿ

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಖಣಿಗಳಿಂದ ಏಳುವ ಫರ್ಸಿಕಲ್ಲಿಗೆ ಬೂದು, ತಿಳಿನೀಲಿ, ನಸುಹಸಿರು ಛಾಯೆಗಳಿವೆ. ಅದನ್ನು ಕಂಡವರು ಈ ನೆಲದಲ್ಲಿ ತಾಮ್ರವಿದೆಯೇ, ಮೈಲುತುತ್ತ ಸಿಗುತ್ತದೆಯೇ ಎಂದು ಕೇಳುವುದು ಸಹಜ. ಆ ಛಾಯೆ ತಾಮ್ರದ್ದಲ್ಲ. ಆದರೆ ಪ್ರಶ್ನೆ ಒಳ್ಳೆಯದು. ಖನಿಜಗಳ ಬಗ್ಗೆ ನಾನು ಕಲಿತ ದೊಡ್ಡ ಪಾಠ ಅದರ ಉತ್ತರದಲ್ಲೇ ಇದೆ. ಒಂದು ಖನಿಜ ಅಪರೂಪವಾಗಲು ಅದರ ಮೂಲವಸ್ತುಗಳೂ ಅಪರೂಪವಾಗಿರಬೇಕೆಂದಿಲ್ಲ. ಮೈಲುತುತ್ತಕ್ಕೆ ಬೇಕಾದದ್ದು ತಾಮ್ರ, ಗಂಧಕ, ಗಾಳಿ, ನೀರು. ನಾಲ್ಕೂ ಲೋಕದಲ್ಲಿ ಧಾರಾಳವಾಗಿವೆ. ಅವು ಕೂಡುವ ಜಾಗ, ಕೂಡಿದ ಮೇಲೆ ಉಳಿಯಬಲ್ಲ ಜಾಗ, ಇವೆರಡೂ ಒಂದೇ ಆಗುವುದು ಅಪರೂಪ. ಸುಣ್ಣಕಲ್ಲಿನ ನಮ್ಮ ಸೀಮೆ ಇದನ್ನು ಮನದಟ್ಟು ಮಾಡಿಕೊಡುವಷ್ಟು ಸ್ಪಷ್ಟವಾಗಿ ಬೇರೆ ನೆಲ ಮಾಡಿಕೊಡಲಾರದು ಎಂಬುದು ನನ್ನ ನಂಬಿಕೆ.

ಮೊದಲು ಖನಿಜದ ಗುಣ ನೋಡೋಣ. ನಿಸರ್ಗದಲ್ಲಿ ತಾನಾಗಿ ಹುಟ್ಟಿದ ಮೈಲುತುತ್ತಕ್ಕೆ ಖನಿಜಶಾಸ್ತ್ರದಲ್ಲಿ ಚಾಲ್ಕಾಂಥೈಟ್ ಎಂದು ಹೆಸರು. ತಾಮ್ರದ ಸಲ್ಫೇಟಿನ ಪ್ರತಿ ಘಟಕಕ್ಕೂ ನೀರಿನ 5 ಅಣುಗಳು ಇದರಲ್ಲಿ ಸೇರಿರುತ್ತವೆ. ತೂಕದಲ್ಲಿ ನೂರಕ್ಕೆ ಸುಮಾರು 36 ಪಾಲು ನೀರು, 25 ಪಾಲು ತಾಮ್ರ. ಗಾಢ ನೀಲಿ ಬಣ್ಣ, ಗಾಜಿನಂಥ ಹೊಳಪು, ಮೋಸ್ ಮಾಪನದಲ್ಲಿ ಕಾಠಿಣ್ಯ 2.5, ಅಂದರೆ ಸುಣ್ಣಕಲ್ಲಿಗಿಂತಲೂ ಮೆತ್ತಗೆ. ಆ ನೀಲಿಗೆ ನೀರೇ ಆಧಾರ: ನಾಲ್ಕು ಅಣುಗಳು ತಾಮ್ರಕ್ಕೆ ನೇರವಾಗಿ ಅಂಟಿಕೊಂಡಿವೆ, ಐದನೆಯದು ತಾಮ್ರಕ್ಕೆ ನೇರವಾಗಿ ಅಂಟದೆ ಅವುಗಳ ನಡುವೆ ಕುಳಿತಿದೆ. ಕಾಯಿಸಿ ನೀರನ್ನು ಪೂರ್ತಿ ಓಡಿಸಿದರೆ ಹರಳು ಬಿಳಿ ಪುಡಿಯಾಗುತ್ತದೆ. ನೀರು ತಾಗಿದರೆ ಮತ್ತೆ ನೀಲಿ ಬರುತ್ತದೆ. 1912ರಲ್ಲಿ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಲಾವೆಯ ಆಲೋಚನೆಯಂತೆ ಫ್ರೀಡ್ರಿಕ್ ಮತ್ತು ಕ್ನಿಪ್ಪಿಂಗ್ ಎಕ್ಸ್-ಕಿರಣಗಳನ್ನು ಮೊದಲು ಹಾಯಿಸಿದ್ದು ಇದೇ ವಸ್ತುವಿನ ಹರಳಿನೊಳಗೆ. ಹರಳಿನಲ್ಲಿ ಪರಮಾಣುಗಳು ಸಾಲಾಗಿ ಜೋಡಣೆಯಾಗಿವೆ ಎಂದು ಕಣ್ಣಿಗೆ ಕಾಣಿಸಿಕೊಟ್ಟ ಪ್ರಯೋಗ ಅದು. ನೀರಿನ ಪ್ರಮಾಣ ಬದಲಾದರೆ ಖನಿಜವೇ ಬೇರೆ: 3 ಅಣು ನೀರಿರುವುದು ಬೊನಾಟೈಟ್, 7 ಇರುವುದು ಬೂಥೈಟ್. ಇವೆರಡೂ ಚಾಲ್ಕಾಂಥೈಟಿಗಿಂತ ವಿರಳ. ಬೂಥೈಟ್ ಒಣಗಾಳಿಗೆ ಸಿಕ್ಕರೆ ಎರಡು ಅಣು ನೀರು ಬಿಟ್ಟು ಚಾಲ್ಕಾಂಥೈಟೇ ಆಗುತ್ತದೆ.

ಹುಟ್ಟುವ ಬಗೆ ಸರಳ. ಚಾಲ್ಕೊಪೈರೈಟಿನಂಥ ತಾಮ್ರದ ಗಂಧಕ ಅದಿರಿಗೆ ಗಾಳಿಯೂ ತೇವವೂ ತಾಗಿದಾಗ ಆಮ್ಲವುಂಟಾಗುತ್ತದೆ, ತಾಮ್ರ ಸಲ್ಫೇಟಾಗಿ ನೀರಿಗಿಳಿಯುತ್ತದೆ. ಆ ನೀರು ಗಣಿಯ ಗೋಡೆಯ ಮೇಲೆ ಆರಿದರೆ ನೀಲಿ ಪೊರೆ, ಎಳೆ, ಜೋತುಬಿದ್ದ ಕಡ್ಡಿಗಳು ಮೂಡುತ್ತವೆ. ಉಳಿಯುವುದು ಕಷ್ಟ. ಕೋಣೆಯ ಉಷ್ಣದಲ್ಲಿ 100 ಮಿಲಿಲೀಟರ್ ನೀರು ಸುಮಾರು 30 ಗ್ರಾಂ ಮೈಲುತುತ್ತವನ್ನು ಕರಗಿಸಿಕೊಳ್ಳಬಲ್ಲದು. ಒಂದು ಜೋರು ಮಳೆ ಸಾಕು. ಆದ್ದರಿಂದಲೇ ಇದು ಅದಿರಾಗುವಷ್ಟು ಸೇರಿದ್ದು ಮಳೆಯೇ ಬಾರದಂಥ ಚಿಲಿಯ ಅಟಕಾಮಾ ಮರುಭೂಮಿಯ ಚುಕಿಕಮಾಟದಂಥ ಕಡೆ. ನಮ್ಮಲ್ಲಿ ಮಳೆಯ ಜೊತೆಗೆ ಸುಣ್ಣವೂ ಇದೆ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ನೆನೆಯಿರಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಸೇರಿದ ಕೂಡಲೇ ತಾಮ್ರ ಕರಗದ ರೂಪಕ್ಕೆ ತಿರುಗುತ್ತದೆ. ಮಳೆಗೆ ಸುಲಭವಾಗಿ ತೊಳೆದುಹೋಗದೆ ಗೊನೆಗೆ ಅಂಟಿಕೊಳ್ಳುವುದು ಅದರಿಂದಲೇ. ಆ ಪೀಪಾಯಿಯಲ್ಲಿ ನಿಮಿಷಗಳಲ್ಲಿ ನಡೆಯುವುದು ಸುಣ್ಣಕಲ್ಲಿನ ಪದರಗಳಲ್ಲಿ ನಿಧಾನವಾಗಿ ನಡೆಯುತ್ತದೆ. ಕಲ್ಲು ಆಮ್ಲವನ್ನು ಅಡಗಿಸುತ್ತದೆ, ಗಂಧಕ ಜಿಪ್ಸಮ್ಮಿನ ಕಡೆ ಹೋಗುತ್ತದೆ, ತಾಮ್ರ ಮಲಕೈಟ್ ಎಂಬ ಹಸಿರು ಕಾರ್ಬೊನೇಟಾಗಿ ಕೂರುತ್ತದೆ.

ಇಲ್ಲಿ ಮೈಲುತುತ್ತ ನಿಲ್ಲದು ಎಂಬ ಮಾತಿಗೆ ಆಕ್ಷೇಪಗಳಿವೆ. ಈ ಸುಣ್ಣಕಲ್ಲು ಸೇರಿರುವ ಭೀಮಾ ಜಲಾನಯನದ ಶಿಲೆಗಳಲ್ಲಿ ಗಂಧಕದ ಖನಿಜವೇ ಇಲ್ಲವೇ ಎಂದು ಕೇಳಬಹುದು. ಇದೆ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಜೊತೆ ಪೈರೈಟ್ ಕಂಡಿದೆ. ಆದರೆ ಗಂಧಕವಿದ್ದರೆ ಸಾಲದು, ತಾಮ್ರವೂ ಬೇಕು. ಎರಡೂ ಇದ್ದರೂ ಸುಣ್ಣಕ್ಕೆ ಸೋಲದಷ್ಟು ಆಮ್ಲ ಬೇಕು. ಕಲಬುರಗಿಯ ಬಿಸಿಲು ಮರುಭೂಮಿಗೆ ಸಮನಲ್ಲವೇ ಎನ್ನುವವರಿದ್ದಾರೆ. ಬಿಸಿಲು ಸಮನಿರಬಹುದು, ಮುಂಗಾರು ಅಲ್ಲ. ಬೇಸಿಗೆ ಕಟ್ಟಿದ ಪೊರೆಯನ್ನು ಮಳೆಗಾಲ ಕರಗಿಸುತ್ತದೆ. ರಸಗೊಬ್ಬರದ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ವಸ್ತುವನ್ನು ಅಪರೂಪವೆನ್ನುವುದು ಹೇಗೆ ಎಂಬುದು ಮೂರನೆಯ ಆಕ್ಷೇಪ. ಅಂಗಡಿಯದು ಕಾರ್ಖಾನೆಯಲ್ಲಿ ತಾಮ್ರವನ್ನೂ ಗಂಧಕಾಮ್ಲವನ್ನೂ ಕೂಡಿಸಿ ಮಾಡಿದ್ದು. ರಚನೆ ಒಂದೇ ಆದರೂ ನೆಲದ ಚರಿತ್ರೆ ಅದರಲ್ಲಿಲ್ಲ. ಖನಿಜ ಎನ್ನಿಸಿಕೊಳ್ಳಲು ನಿಸರ್ಗವೇ ಅದನ್ನು ಮಾಡಿರಬೇಕು. ಸಂಗ್ರಾಹಕರ ಪೇಟೆಯಲ್ಲಿ ದೊಡ್ಡದಾಗಿ, ಅಂದವಾಗಿ ಹೊಳೆಯುವ ಚಾಲ್ಕಾಂಥೈಟ್ ಹರಳುಗಳಲ್ಲಿ ಬಹಳಷ್ಟು ಕೃತಕವಾಗಿ ಬೆಳೆಸಿದವೇ.

ಹಾಗಾದರೆ ಕರ್ನಾಟಕದಲ್ಲಿ ಎಲ್ಲಿ ಹುಡುಕಬೇಕು? ಸುಣ್ಣಕಲ್ಲಿನಲ್ಲಲ್ಲ, ತಾಮ್ರದ ಗಂಧಕ ಅದಿರು ಇರುವ ಹಳೆಯ ಶಿಲೆಗಳಲ್ಲಿ. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ಚಾಲ್ಕೊಪೈರೈಟ್ ಅದಿರಿಗೆ ಗಣಿಗಾರಿಕೆ ನಡೆದಿತ್ತು. ಪ್ರಾಚೀನರು ತೋಡಿದ ಗುರುತುಗಳೂ ಅಲ್ಲಿವೆ. ನಮಗೆ ಹತ್ತಿರದ ತಿಂಥಣಿಯಲ್ಲಿಯೂ ತಾಮ್ರದ ಅದಿರನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಇಂಥ ಕಡೆ ಮಳೆ ತಾಗದ, ಗಾಳಿ ಆಡುವ ಒಳಗೋಡೆ ಮಾತ್ರ ಈ ಖನಿಜಕ್ಕೆ ಮನೆಯಾಗಬಲ್ಲದು.

ಗುರುತಿಸುವಾಗ ನಮ್ಮ ಸೀಮೆಯವರು ವಿಶೇಷ ಎಚ್ಚರ ವಹಿಸಬೇಕು. ಆಮ್ಲದ ಹನಿಗೆ ನೊರೆ ಬಂದರೆ ಮಲಕೈಟ್ ಎನ್ನುವ ಪುಸ್ತಕದ ಸೂತ್ರ ಇಲ್ಲಿ ನಡೆಯದು, ಅಡಿಯ ಸುಣ್ಣಕಲ್ಲೇ ನೊರೆಯುತ್ತದೆ. ಮೊದಲು ಚೂರನ್ನು ನೀರಿಗೆ ಹಾಕಿ. ಕರಗಿ ನೀಲಿಯಾದರೆ, ಆ ನೀರಿನಲ್ಲಿ ಉಜ್ಜಿ ತೊಳೆದ ಕಬ್ಬಿಣದ ಮೊಳೆ ಇಡಿ. ಮೊಳೆಗೆ ಕೆಂಪು ತಾಮ್ರ ಹತ್ತಿದರೆ ಅದು ಕರಗುವ ತಾಮ್ರದ ಲವಣ, ಬಹುಮಟ್ಟಿಗೆ ಸಲ್ಫೇಟ್. ಚೀನಾದ ಸೋಂಗ್ ಅರಸರ ಕಾಲದಲ್ಲಿ ಇದೇ ಕ್ರಿಯೆಯಿಂದ ಗಣಿಯ ನೀರಿನಿಂದ ತಾಮ್ರ ತೆಗೆಯುತ್ತಿದ್ದರು. ನಾಲಿಗೆಗೆ ಮಾತ್ರ ಮುಟ್ಟಿಸಬೇಡಿ, ಇದು ವಿಷ. ಉಪಯೋಗಕ್ಕೆ ಬಾರದ ಚೂರಿಗೆ ಇಷ್ಟೇಕೆ ಎನ್ನುವವರಿಗೆ ನನ್ನ ಉತ್ತರ: ಗಣಿಯ ಗೋಡೆಯಲ್ಲಿ ಈ ನೀಲಿ ಕಂಡರೆ ಮೇಲಿನಿಂದ ಇಳಿಯುವ ನೀರಿನಲ್ಲಿ ಆಮ್ಲವೂ ತಾಮ್ರವೂ ಇವೆ ಎಂದರ್ಥ. ಹಳೆಯ ಗಣಿಗಳ ಸುತ್ತ ಇರುವವರು, ಶಾಲೆಯ ವಿಜ್ಞಾನ ಶಿಕ್ಷಕರು ಅಂಥ ಪೊರೆ ಕಂಡರೆ ಕೆರೆದು ಬಿಸಾಡದೆ ಜಾಗವನ್ನೂ ತಿಂಗಳನ್ನೂ ಬರೆದಿಡಿ, ಒಂದು ಚೂರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಹತ್ತಿರದ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ.