ಕೂಸಿನ ಕೈಗೆ ಪಾಕೀಟು ಕೊಡುವ ಮುನ್ನ

ನಮ್ಮ ಬಾಗಲಕೋಟೆ ಕಡೆ ಜಾತ್ರೆಗೆ ಹೋದವರು ಪಳಾರ ಕಟ್ಟಿಸಿಕೊಳ್ಳದೆ ಮನೆಗೆ ಬರುವುದಿಲ್ಲ. ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆಯಿರಲಿ, ಮಹಾಲಿಂಗಪುರದ ಮಹಾಲಿಂಗೇಶ್ವರ ಜಾತ್ರೆಯಿರಲಿ, ಚುರುಮುರಿ, ಬೆಂಡು-ಬತ್ತಾಸಿನ ಜೊತೆಗೆ ಈಗ ಬಣ್ಣದ ಜೆಲ್ಲಿ, ಲಾಲಿಪಾಪ್, ಮಸಾಲೆ ಚಿಪ್ಸ್ ಕೂಡ ಚೀಲ ಸೇರುತ್ತವೆ. ಅದರಲ್ಲೊಂದು ಚೂರು ಕಂಕುಳಲ್ಲಿರುವ ಕೂಸಿನ ಬಾಯಿಗೂ ಹೋಗುತ್ತದೆ. "ಅಂಗಡ್ಯಾಗ ಮಾರ್ತಾರಂದ್ರ ಸರ್ಕಾರ ಒಪ್ಪಿದ್ದೇ ಇರಬೇಕಲ್ಲ?" ಎಂದು ಕೇಳುವವರು ಜಮಖಂಡಿ, ಮುಧೋಳ, ಬೀಳಗಿಯ ಮನೆಮನೆಯಲ್ಲೂ ಸಿಗುತ್ತಾರೆ. ಒಪ್ಪಿರಬಹುದು, ಆದರೆ ಕೂಸಿಗೆಂದು ಒಪ್ಪಿದ್ದಲ್ಲ.

ನಮ್ಮ ಆಹಾರ ಕಾನೂನು ಮಿಠಾಯಿಯಂಥ ತಿನಿಸಿಗೆ ಎಂಟು ಕೃತಕ ಬಣ್ಣಗಳನ್ನು, ಅದೂ ಮಿತಿಯೊಳಗೆ, ಒಪ್ಪುತ್ತದೆ. ಅದೇ ಕಾನೂನು ಎರಡು ವರ್ಷದೊಳಗಿನ ಮಕ್ಕಳಿಗೆಂದೇ ತಯಾರಿಸುವ ಆಹಾರಕ್ಕೆ ಬೇರೆ ನಿಯಮ ಮಾಡಿದೆ. ಅದರಲ್ಲಿ ಇಂಥ ಬಣ್ಣಕ್ಕೆ ಜಾಗವೇ ಇಲ್ಲ. ದೊಡ್ಡವರಿಗೆ ಪರವಾಗಿಲ್ಲ ಎಂದದ್ದನ್ನು ಕೂಸಿಗೆ ಬೇಡ ಎಂದು ಕಾನೂನೇ ಬೇರ್ಪಡಿಸಿರುವಾಗ, ಕಿರಾಣಿ ಅಂಗಡಿಯಲ್ಲಿ ತೂಗುಬಿಟ್ಟ ಪಾಕೀಟನ್ನು ಮಕ್ಕಳ ಆಹಾರವೆಂದು ತಿಳಿಯುವುದು ತಪ್ಪು. ಮೇಲೆ ಕಾರ್ಟೂನು ಚಿತ್ರವಿದ್ದ ಮಾತ್ರಕ್ಕೆ ಅದು ಕೂಸಿನ ತಿನಿಸಾಗುವುದಿಲ್ಲ.

ಬಣ್ಣವೊಂದೇ ಅಲ್ಲ. ಎರಡು ವರ್ಷ ತುಂಬುವವರೆಗೆ ಸೇರಿಸಿದ ಸಕ್ಕರೆ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ನಮ್ಮದು ಕಬ್ಬಿನ ನಾಡು, ಬೆಲ್ಲದ ಸಂತೆಯ ನಾಡು. ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು: ಈ ವಿಷಯದಲ್ಲಿ ಬೆಲ್ಲವೂ ಸಕ್ಕರೆಯೇ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು. ಬೊಟುಲಿಸಂ ಎಂಬ ಅಪಾಯಕಾರಿ ನಂಜು ಅದರಿಂದ ಬರಬಹುದು. ಗಟ್ಟಿ ಪೆಪ್ಪರಮೆಂಟು, ಶೇಂಗಾ, ಜೆಲ್ಲಿ ಗಂಟಲಲ್ಲಿ ಸಿಕ್ಕಿಕೊಂಡರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಸಿಗದಿರಬಹುದು.

ರಾಜ್ಯದಲ್ಲಿ ಬಣ್ಣದ ಮಾತು ಜೋರಾಗಿ ಕೇಳಿದ್ದು 2024ರ ಮಾರ್ಚ್‌ನಲ್ಲಿ. ಆರೋಗ್ಯ ಇಲಾಖೆ ಪರೀಕ್ಷಿಸಿದ ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವೆಂದು ತಿಳಿಯಿತು. ಬಟ್ಟೆಗೆ ಬಣ್ಣ ಹಾಕಲು ಬಳಸುವ ರೋಡಮೈನ್-ಬಿ ಕೂಡ ಸಿಕ್ಕಿತು. ಸಚಿವ ದಿನೇಶ್ ಗುಂಡೂರಾವ್ ಬಣ್ಣದ ಬಾಂಬೆ ಮಿಠಾಯಿಯನ್ನು ನಿಷೇಧಿಸಿದರು, ಬಿಳಿಯದಕ್ಕೆ ಅಡ್ಡಿಯಿಲ್ಲ. ಇಂದಿಗೂ ಜಾತ್ರೆಯಲ್ಲಿ ಗುಲಾಬಿ ಮಿಠಾಯಿ ಕಂಡರೆ ಅದರ ಮೇಲೆ ದೂರು ಕೊಡಬಹುದು.

ಪಾಕೀಟಿನ ಹಿಂಬದಿ ಓದುವುದು ಕೊಳ್ಳುವವರ ಹಕ್ಕು. ಪದಾರ್ಥಗಳ ಪಟ್ಟಿ ತೂಕದಲ್ಲಿ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಇರಬೇಕು. ಮೊದಲ ಹೆಸರೇ ಸಕ್ಕರೆಯಾಗಿದ್ದರೆ ಒಳಗಿರುವುದರಲ್ಲಿ ಅದರದ್ದೇ ದೊಡ್ಡ ಪಾಲು. 102, 110, 122 ಎಂಬ ಸಂಖ್ಯೆಗಳು ಕೃತಕ ಬಣ್ಣಗಳವು. ಇದೇ ಬಣ್ಣಗಳಿದ್ದರೆ ಮಕ್ಕಳ ಚಟುವಟಿಕೆ, ಗಮನದ ಮೇಲೆ ದುಷ್ಪರಿಣಾಮ ಆಗಬಹುದೆಂಬ ಎಚ್ಚರಿಕೆಯನ್ನು ಐರೋಪ್ಯ ಒಕ್ಕೂಟದಲ್ಲಿ 2010ರಿಂದ ಪಾಕೀಟಿನ ಮೇಲೆಯೇ ಅಚ್ಚು ಹಾಕಬೇಕು. ತಯಾರಕರ ವಿಳಾಸ, ದಿನಾಂಕ, 14 ಅಂಕಿಯ ಪರವಾನಗಿ ಸಂಖ್ಯೆಯನ್ನೂ ನೋಡಿ. ಒಂದು ರೂಪಾಯಿಯ ಚಾಕಲೇಟಿನ ಮೇಲೆ ಇದೆಲ್ಲ ಕಾಣುವುದಿಲ್ಲ, ಏಕೆಂದರೆ 100 ಚದರ ಸೆಂಟಿಮೀಟರ್ ಮೀರದ ಹೊದಿಕೆಗೆ ಪದಾರ್ಥಗಳ ಪಟ್ಟಿಯಿಂದ ವಿನಾಯಿತಿಯಿದೆ. ಆದರೆ ಆ ವಿವರ ಅದು ತುಂಬಿ ಬಂದ ದೊಡ್ಡ ಚೀಲ ಅಥವಾ ಡಬ್ಬಿಯ ಮೇಲೆ ಇರಲೇಬೇಕು. "ಡಬ್ಬಿ ತೋರಸ್ರೀ ಅಣ್ಣಾರ" ಎನ್ನಲು ಸಂಕೋಚ ಬೇಡ. ಇಂಗ್ಲಿಷ್ ಇಲ್ಲವೇ ಹಿಂದಿ ಇದ್ದರೆ ಸಾಕೆನ್ನುವ ಲೇಬಲ್ ನಿಯಮ ನಮ್ಮ ತಾಯಂದಿರಿಗೆ ಮಾಡಿದ ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ರಾಜ್ಯದಲ್ಲೇ ತಯಾರಾಗುವ ವಸ್ತುಗಳ ಮೇಲೆ ಕನ್ನಡವೂ ಇರಬೇಕೆಂದು 2025ರ ಫೆಬ್ರುವರಿಯಲ್ಲಿ ಸರ್ಕಾರ ಆದೇಶಿಸಿದ್ದು ಅಷ್ಟರಮಟ್ಟಿಗೆ ಸಮಾಧಾನ.

ತಿಂದ ಮೇಲೆ ಕೂಸಿಗೆ ವಾಂತಿ, ಬೇಧಿ, ಮೈಮೇಲೆ ದದ್ದು ಕಂಡರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ. ಏನು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು ಎಂಬುದನ್ನು ವೈದ್ಯರ ಚೀಟಿಯಲ್ಲಿ ಬರೆಸಿಕೊಳ್ಳಿ. ಉಳಿದ ತಿನಿಸನ್ನು ಪಾಕೀಟಿನ ಸಮೇತ ಎತ್ತಿಡಿ. ಸಿಟ್ಟಿನಲ್ಲಿ ಪಾಕೀಟನ್ನು ತಿಪ್ಪೆಗೆ ಎಸೆದರೆ ಮುಖ್ಯ ಸಾಕ್ಷ್ಯವೇ ಹೋದಂತೆ. ಬಿಲ್ಲೂ ಸಾಕ್ಷ್ಯವೇ. ಅಂಗಡಿಯವರು ಅದನ್ನು ಕೊಡಲು ಒಪ್ಪದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದೇ ಅನುಚಿತ ವ್ಯಾಪಾರ.

ದೂರನ್ನು ಆಹಾರ ಸುರಕ್ಷತಾ ಅಧಿಕಾರಿಗೆ ಅಥವಾ ಜಿಲ್ಲೆಯ ಅಂಕಿತಾಧಿಕಾರಿಗೆ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್ ಮೂಲಕವೂ ಕಳಿಸಬಹುದು. ಬಹಳ ಜನರಿಗೆ ಗೊತ್ತಿಲ್ಲದ ಹಕ್ಕೊಂದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನಲ್ಲಿದೆ. ಅನುಮಾನವಿದ್ದರೆ ಕೊಂಡವರೇ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ತಿನಿಸನ್ನು ಪರೀಕ್ಷೆ ಮಾಡಿಸಬಹುದು. ಷರತ್ತು ಒಂದೇ: ಪರೀಕ್ಷೆಗೆ ಕೊಡುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಬೇಕು. ತಿನಿಸು ನಿಯಮ ಮೀರಿದೆಯೆಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್. ಓಣಿಯ ನಾಲ್ಕು ಮನೆಯವರು, ಇಲ್ಲವೇ ಸ್ವಸಹಾಯ ಸಂಘದ ಮಹಿಳೆಯರು ಸೇರಿ ಮಾಡಿಸಿದರೆ ಯಾರಿಗೂ ಹೊರೆಯಾಗುವುದಿಲ್ಲ.

ಅಸುರಕ್ಷಿತ ಆಹಾರ ಮಾರಿದ್ದು ಸಾಬೀತಾದರೆ, ಯಾರಿಗೂ ಹಾನಿಯಾಗದಿದ್ದರೂ 3 ತಿಂಗಳವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡವಿದೆ. ತೀವ್ರ ಹಾನಿಯಾದರೆ 6 ವರ್ಷ, 5 ಲಕ್ಷದವರೆಗೆ. ಜೀವವೇ ಹೋದರೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಶಿಕ್ಷೆಯಾಗಬಹುದು.

ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ. ನಿಮಗೆ ಪರಿಹಾರ ಬೇಕಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಕಂಪನಿ ಮುಂಬಯಿಯದ್ದೇ ಆಗಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ನಡೆಯುತ್ತದೆ. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ಅಂದರೆ ಹತ್ತು ರೂಪಾಯಿ ಪಾಕೀಟಿನ ದೂರಿಗೆ ಒಂದು ಪೈಸೆಯೂ ಕಟ್ಟಬೇಕಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಾತ್ರೆಯಲ್ಲಿ ಕೊಂಡ, ಹೆಸರು-ವಿಳಾಸವಿಲ್ಲದ ಪಾಕೀಟಿನಿಂದ ಹಾನಿಯಾಗಿದ್ದರೂ ಕೈಚೆಲ್ಲಬೇಡಿ. ತಯಾರಿಸಿದವರು ಯಾರೆಂದು ಗೊತ್ತಾಗದಿದ್ದಾಗ ಅದನ್ನು ಮಾರಿದವರನ್ನೇ ಹೊಣೆ ಮಾಡಲು ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಮಿನಲ್ಲಿ ದಾರಿಯಿದೆ.