ದೇಶದೇಶಗಳ ಶ್ರಮಬಲ ಮತ್ತು ಅದನ್ನು ಎಣಿಸುವ ಕ್ರಮ

ಒಂದು ದೇಶದ ಐಶ್ವರ್ಯವನ್ನು ಕುರಿತು ಮಾತು ಬಂದಾಗ ಅಲ್ಲಿನ ಭೂಮಿ, ನೀರು, ಕಾಡು, ಗಣಿ ಇವುಗಳ ಲೆಕ್ಕವನ್ನು ಹೇಳುವುದು ವಾಡಿಕೆ. ಆದರೆ ಇವೆಲ್ಲವನ್ನೂ ಉಪಯೋಗಕ್ಕೆ ತರತಕ್ಕವು ಮನುಷ್ಯರ ಕೈಗಳು. ಆದಕಾರಣ ದುಡಿಯುವ ಜನರ ಸಂಖ್ಯೆಯನ್ನೂ ದೇಶದೇಶಗಳ ನಡುವೆ ಹೋಲಿಸಿ ನೋಡುವ ಪದ್ಧತಿಯು ಬೆಳೆದುಬಂದಿರುತ್ತದೆ. ಈ ಅಂಕಿಗಳು ಪತ್ರಿಕೆಗಳಲ್ಲಿ ಆಗಾಗ್ಗೆ ಪ್ರಕಟವಾಗುತ್ತವೆ. ಓದಿದವರು ‘ಇಷ್ಟು ಕೋಟಿಯೇ!’ ಎಂದು ಬೆರಗಾಗಿ ಅಲ್ಲಿಗೇ ಬಿಡುವುದುಂಟು. ಆ ಅಂಕಿಗಳಲ್ಲಿ ಯಾರು ಸೇರಿರುತ್ತಾರೆ, ಯಾರು ಬಿಟ್ಟುಹೋಗಿರುತ್ತಾರೆ ಎಂಬುದನ್ನು ನಮ್ಮ ರೈತರು ತಿಳಿದಿರುವುದು ಅಗತ್ಯ. ಏತಕ್ಕೆಂದರೆ ಆ ದೊಡ್ಡ ಲೆಕ್ಕದ ಮೊದಲನೆಯ ಸಾಲು ಬರೆಯಲ್ಪಡುವುದು ನಮ್ಮ ನಮ್ಮ ಮನೆಯ ಜಗುಲಿಯ ಮೇಲೆಯೇ.

ಅಂಜನಾಪುರದ ಒಂದು ಅನುಭವ

ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರದ ರಸ್ತೆಗೂ ಬನ್ನೇರುಘಟ್ಟದ ರಸ್ತೆಗೂ ನಡುವೆ ಅಂಜನಾಪುರವಿದೆ. ಕೆರೆಯನ್ನೂ ರಾಗಿಯ ಹೊಲಗಳನ್ನೂ ನಂಬಿ ಬಾಳುತ್ತಿದ್ದ ಹಳ್ಳಿಯಿದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದವರು ಇಲ್ಲಿ ಬಡಾವಣೆಯನ್ನು ರಚಿಸಿದ ಮೇಲೆ ಹೊಲಗಳ ಬಹುಭಾಗವು ನಿವೇಶನಗಳಾಯಿತು. ೨೦೨೧ರ ಜನವರಿಯಲ್ಲಿ ಮೆಟ್ರೋ ರೈಲು ಕನಕಪುರದ ರಸ್ತೆಯಲ್ಲಿ ರೇಷ್ಮೆ ಸಂಸ್ಥೆಯ ನಿಲ್ದಾಣದವರೆಗೂ ಬಂದಿತು. ಹೀಗಿದ್ದರೂ ಸುತ್ತಣ ಬಯಲಿನಲ್ಲಿ ಅಲ್ಲಲ್ಲಿ ಉಳಿದ ಹೊಲಗಳಲ್ಲಿ ರಾಗಿಯನ್ನು ಬೆಳೆಯುವವರೂ, ಹಿತ್ತಲಿನಲ್ಲಿ ಒಂದೆರಡು ಹಸುಗಳನ್ನು ಕಟ್ಟಿಕೊಂಡಿರುವವರೂ ಉಂಟು.

ಕೆಲವು ವರ್ಷಗಳ ಹಿಂದೆ ಈ ಲೇಖಕನು ಅಲ್ಲಿ ಸೈಕಲ್ ಕುಂಟೆಯ ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಲು ಮನೆಮನೆಗೆ ಹೋಗಿ ಬೇಸಾಯದಲ್ಲಿ ದುಡಿಯುವವರ ಪಟ್ಟಿಯನ್ನು ತಯಾರಿಸಬೇಕಾಗಿತ್ತು. ಒಂದು ಮನೆಯಲ್ಲಿ ‘ಎಷ್ಟು ಜನ ದುಡಿಯುತ್ತೀರಿ?’ ಎಂದು ಕೇಳಲಾಗಿ, ಯಜಮಾನನು ‘ಒಬ್ಬನೇ ಸ್ವಾಮಿ, ನಾನೇ. ಮಿಕ್ಕೋರು ಮನೇಲಿರ್ತಾರೆ’ ಎಂದನು. ಆತನು ಈ ಮಾತನ್ನು ಹೇಳುತ್ತಿರುವಾಗ ಆತನ ಹೆಂಡತಿಯು ಹೊಲದಿಂದ ಹುಲ್ಲಿನ ಹೊರೆಯನ್ನು ಹೊತ್ತು ತಂದು ಕೊಟ್ಟಿಗೆಯ ಮುಂದೆ ಇಳಿಸುತ್ತಿದ್ದಳು. ಪಟ್ಟಿಯಲ್ಲಿ ‘ಒಬ್ಬ’ ಎಂದೇ ಬರೆಯಲಾಯಿತು. ಉಳಿದ ಮನೆಗಳಲ್ಲಿಯೂ ಹೆಚ್ಚುಕಡಮೆ ಇದೇ ಉತ್ತರ, ಇದೇ ಬರಹ.

ಗೊತ್ತಾದ ದಿನ ಪಟ್ಟಿಯಲ್ಲಿದ್ದ ಗಂಡಸರು ಬಂದು, ಉಪಕರಣವನ್ನು ನೋಡಿ, ಮೆಚ್ಚಿಕೊಂಡು ಹೋದರು. ಕಳೆಯ ಕಾಲದಲ್ಲಿ ಹೋಗಿ ನೋಡಲು, ಹೊಲದಲ್ಲಿ ಐದು ಮಂದಿ ಹೆಂಗಸರು ಕುಕ್ಕರುಗಾಲಿನಲ್ಲಿ ಕುಳಿತು ಕೈಯಿಂದಲೇ ಕಳೆಯನ್ನು ಕೀಳುತ್ತಿದ್ದರು. ಅವರಲ್ಲಿ ಇಬ್ಬರು ಆ ಯಜಮಾನನ ಮನೆಯವರೇ. ಕುಂಟೆಯು ಗೋಡೆಗೆ ಒರಗಿತ್ತು. ಅದನ್ನು ನೂಕುವ ಬಗೆಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ಹಿಡಿಕೆಯ ಎತ್ತರವೂ ಅವರಿಗೆ ಒಪ್ಪುವಂತಿರಲಿಲ್ಲ. ತಪ್ಪು ಉಪಕರಣದ್ದಲ್ಲ, ಈ ಲೇಖಕನು ಬರೆದ ಪಟ್ಟಿಯದು. ಇದೇ ಬಗೆಯ ತಪ್ಪು ದೇಶದ ಲೆಕ್ಕದಲ್ಲಿ ನುಸುಳಿದರೆ ಏನಾಗುತ್ತದೆಂಬುದನ್ನು ಮುಂದೆ ವಿಚಾರಮಾಡೋಣ.

ಶ್ರಮಬಲವೆಂದರೇನು?

ಶ್ರಮಬಲವೆಂದರೆ ದೇಶದ ಜನಸಂಖ್ಯೆಯಲ್ಲ. ಕೂಲಿಗಾರರ ಸಂಖ್ಯೆಯೂ ಅಲ್ಲ. ಅದು ಎರಡು ಗುಂಪುಗಳ ಮೊತ್ತ. ಮೊದಲನೆಯದು ಕೆಲಸದಲ್ಲಿರುವವರು. ಎರಡನೆಯದು ಕೆಲಸವಿಲ್ಲದೆ ಅದನ್ನು ಹುಡುಕುತ್ತಿರುವವರು, ಅಂದರೆ ನಿರುದ್ಯೋಗಿಗಳು. ಸಾಮಾನ್ಯವಾಗಿ ೧೫ ವರ್ಷ ತುಂಬಿದವರನ್ನು ಮಾತ್ರ ಎಣಿಸುತ್ತಾರೆ. ಓದುತ್ತಿರುವ ವಿದ್ಯಾರ್ಥಿಗಳು, ಕೈಲಾಗದ ವೃದ್ಧರು, ತಮ್ಮ ಮನೆಯ ಅಡಿಗೆ ಮತ್ತು ಮಕ್ಕಳ ಪೋಷಣೆಯನ್ನು ಮಾತ್ರ ನೋಡಿಕೊಳ್ಳುವವರು ಇದರಲ್ಲಿ ಸೇರುವುದಿಲ್ಲ. ೧೯೧೯ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಎಲ್ಲ ದೇಶಗಳಿಗೂ ಸಮನಾದ ನಿಯಮಗಳನ್ನು ಗೊತ್ತುಮಾಡಲು ಯತ್ನಿಸುತ್ತ ಬಂದಿರುತ್ತದೆ. ೧೫ ವರ್ಷ ಮೀರಿದ ಪ್ರತಿ ನೂರು ಜನರಲ್ಲಿ ಶ್ರಮಬಲಕ್ಕೆ ಸೇರಿದವರು ಎಷ್ಟು ಎಂಬುದಕ್ಕೆ ಪಾಲ್ಗೊಳ್ಳುವ ಪ್ರಮಾಣವೆಂದು ಹೆಸರು.

ಒಂದು ಮನೆಯ ಲೆಕ್ಕ

ಈ ಮಾತು ಮನಸ್ಸಿಗೆ ಹತ್ತುವಂತೆ ಏಳು ಜನರ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅಜ್ಜನಿಗೆ ೭೫ ವರ್ಷ, ಕೆಲಸ ಮಾಡಲಾರನು. ೬೫ ವರ್ಷದ ಅಜ್ಜಿಯು ಎರಡು ಹಸುಗಳನ್ನು ಸಾಕಿ ಹಾಲನ್ನು ಸಂಘಕ್ಕೆ ಹಾಕುತ್ತಾಳೆ. ಯಜಮಾನನು ಬೇಸಾಯಗಾರ. ಆತನ ಹೆಂಡತಿಯು ಅಡಿಗೆಯ ಜೊತೆಗೆ ಸ್ವಂತ ಹೊಲದಲ್ಲಿ ಗೊಬ್ಬರ ಹರಡುವುದು, ಕಳೆ ಕೀಳುವುದು, ಕೊಯ್ಲು, ಒಕ್ಕಣೆ ಎಲ್ಲವನ್ನೂ ಕೂಲಿಯಿಲ್ಲದೆ ಮಾಡುತ್ತಾಳೆ. ೨೨ ವರ್ಷದ ಹಿರಿಯ ಮಗನು ಓದನ್ನು ಮುಗಿಸಿ ನೌಕರಿಯನ್ನು ಹುಡುಕುತ್ತಿದ್ದಾನೆ. ೧೭ ವರ್ಷದ ಮಗಳು ಕಾಲೇಜಿನಲ್ಲಿದ್ದಾಳೆ. ಕಿರಿಯ ಮಗನಿಗೆ ೧೦ ವರ್ಷ.

ಇಲ್ಲಿ ೧೫ ವರ್ಷ ಮೀರಿದವರು ಆರು ಮಂದಿ. ಕೆಲಸದಲ್ಲಿರುವವರು ಯಜಮಾನ, ಆತನ ಹೆಂಡತಿ, ಅಜ್ಜಿ ಹೀಗೆ ಮೂವರು, ಹುಡುಕುತ್ತಿರುವವನು ಒಬ್ಬ. ಆದ್ದರಿಂದ ಈ ಮನೆಯ ಶ್ರಮಬಲವು ನಾಲ್ಕು. ಪಾಲ್ಗೊಳ್ಳುವ ಪ್ರಮಾಣವು ನೂರಕ್ಕೆ ಸುಮಾರು ೬೭. ನಿರುದ್ಯೋಗದ ಪ್ರಮಾಣವು ನಾಲ್ಕರಲ್ಲಿ ಒಂದು, ಎಂದರೆ ನೂರಕ್ಕೆ ೨೫.

ಈಗ ಯಜಮಾನನು ‘ದುಡಿಯುವವನು ನಾನೊಬ್ಬನೇ’ ಎಂದು ಹೇಳಿದನೆಂದು ಭಾವಿಸಿರಿ. ಶ್ರಮಬಲವು ನಾಲ್ಕರಿಂದ ಎರಡಕ್ಕೆ ಇಳಿಯುತ್ತದೆ. ಪಾಲ್ಗೊಳ್ಳುವ ಪ್ರಮಾಣವು ೩೩ಕ್ಕೆ ಕುಸಿಯುತ್ತದೆ. ನಿರುದ್ಯೋಗದ ಪ್ರಮಾಣವು ೨೫ರಿಂದ ೫೦ಕ್ಕೆ ಏರುತ್ತದೆ. ಮನೆಯಲ್ಲಿ ಯಾರೂ ಕೆಲಸವನ್ನು ಬಿಡಲಿಲ್ಲ, ಯಾರೂ ಹೊಸದಾಗಿ ಸೇರಲಿಲ್ಲ. ಬದಲಾದದ್ದು ಉತ್ತರವೊಂದೇ.

ನಿಯಮವು ಬದಲಾದರೂ ಹೀಗೆಯೇ. ಅಜ್ಜಿಯು ಹಾಲನ್ನು ಮಾರದೆ ಎಲ್ಲವನ್ನೂ ಮನೆಯ ಖರ್ಚಿಗೇ ಇಟ್ಟುಕೊಂಡಳೆನ್ನಿ. ೨೦೧೩ರಲ್ಲಿ ಶ್ರಮದ ಅಂಕಿಅಂಶಗಳ ಅಂತರರಾಷ್ಟ್ರೀಯ ಸಮ್ಮೇಳನವು ಒಪ್ಪಿದ ನಿರ್ಣಯದಂತೆ, ಕೂಲಿಗಾಗಲಿ ಲಾಭಕ್ಕಾಗಲಿ ಮಾಡಿದ್ದು ಮಾತ್ರವೇ ಉದ್ಯೋಗ. ಮನೆಯ ಉಪಯೋಗಕ್ಕೆ ಬೆಳೆದದ್ದು ಕೆಲಸವೆನಿಸಿದರೂ ಉದ್ಯೋಗವೆನಿಸುವುದಿಲ್ಲ. ಆ ಪ್ರಕಾರ ಅಜ್ಜಿಯು ಶ್ರಮಬಲದಿಂದ ಹೊರಗೆ. ನಮ್ಮ ದೇಶದ ಜನಗಣತಿಯಲ್ಲಾದರೋ ಮನೆಯ ಖರ್ಚಿಗಾಗಿಯೇ ಬೇಸಾಯ ಮಾಡುವವರನ್ನೂ ಹಾಲನ್ನು ಉತ್ಪಾದಿಸುವವರನ್ನೂ ದುಡಿಯುವವರೆಂದೇ ಎಣಿಸಿರುತ್ತಾರೆ. ಅದೇ ಅಜ್ಜಿ, ಅದೇ ಹಸು. ಒಂದು ಪಟ್ಟಿಯಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ.

ದೇಶಗಳ ಹೋಲಿಕೆ

ಈ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಪಂಚದ ಪಟ್ಟಿಯನ್ನು ನೋಡೋಣ. ೨೦೨೩–೨೪ರ ಸುಮಾರಿನಲ್ಲಿ ಮುಖ್ಯ ದೇಶಗಳ ಶ್ರಮಬಲವು ಸ್ಥೂಲವಾಗಿ ಹೀಗಿತ್ತು:

ಚೀನಾ — ೭೭ ಕೋಟಿ
ಭಾರತ — ೬೦ ಕೋಟಿ
ಅಮೆರಿಕಾ ಸಂಯುಕ್ತ ಸಂಸ್ಥಾನಗಳು — ೧೭ ಕೋಟಿ
ಇಂಡೋನೇಷ್ಯಾ — ೧೫ ಕೋಟಿ
ಬ್ರೆಜಿಲ್ — ೧೧ ಕೋಟಿ
ಜಪಾನ್ — ೭ ಕೋಟಿ

ಇಡೀ ಪ್ರಪಂಚದ ಮೊತ್ತವು ೩೬೦ ಕೋಟಿಗೂ ಮೇಲೆ. ಭಾರತ ಮತ್ತು ಚೀನಾ ಎರಡೇ ದೇಶಗಳಲ್ಲಿ ಅದರ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನರಿದ್ದಾರೆಂಬುದನ್ನು ಗಮನಿಸತಕ್ಕದ್ದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ೨೦೨೩ರಲ್ಲಿ ನಮ್ಮ ದೇಶದ ಜನಸಂಖ್ಯೆಯು ಚೀನಾ ದೇಶದ್ದನ್ನು ದಾಟಿತೆಂದು ವಿಶ್ವಸಂಸ್ಥೆಯು ಅಂದಾಜುಮಾಡಿತು. ಜನರ ಸಂಖ್ಯೆಯು ಹೆಚ್ಚುಕಡಮೆ ಸಮನಾಗಿರಲು, ಶ್ರಮಬಲದಲ್ಲಿ ೧೭ ಕೋಟಿಯ ವ್ಯತ್ಯಾಸವೇಕೆ? ಇದು ಸಾಮಾನ್ಯವಾದ ಅಂತರವಲ್ಲ. ಅಮೆರಿಕಾ ದೇಶದ ಇಡೀ ಶ್ರಮಬಲಕ್ಕೆ ಸಮ.

ವಯಸ್ಸು ಒಂದು ಕಾರಣವೆಂಬುದು ನಿಜ. ನಮ್ಮಲ್ಲಿ ೧೫ ವರ್ಷದೊಳಗಿನ ಮಕ್ಕಳು ಜನಸಂಖ್ಯೆಯ ಸುಮಾರು ನಾಲ್ಕರಲ್ಲೊಂದು ಪಾಲು. ಚೀನಾದಲ್ಲಿ ಸುಮಾರು ಆರರಲ್ಲೊಂದು ಪಾಲು. ಆದರೆ ಅಲ್ಲಿ ವೃದ್ಧರು ನಮಗಿಂತ ಬಹಳ ಹೆಚ್ಚು. ಆದ್ದರಿಂದ ವಯಸ್ಸೊಂದರಿಂದಲೇ ಈ ಅಂತರವು ಬಗೆಹರಿಯುವುದಿಲ್ಲ. ಗಂಡಸರ ಪಾಲ್ಗೊಳ್ಳುವ ಪ್ರಮಾಣದಲ್ಲಿ ನಾವು ಚೀನಾಕ್ಕೆ ಕಡಮೆಯಿಲ್ಲ. ಮುಖ್ಯ ವ್ಯತ್ಯಾಸವು ಹೆಂಗಸರ ವಿಷಯದಲ್ಲಿದೆ. ಚೀನಾದಲ್ಲಿ ೧೫ ವರ್ಷ ಮೀರಿದ ನೂರು ಹೆಂಗಸರಲ್ಲಿ ಸುಮಾರು ೬೦ ಮಂದಿ ಶ್ರಮಬಲಕ್ಕೆ ಸೇರಿದವರು. ನಮ್ಮ ದೇಶದ ನಿಯತಕಾಲಿಕ ಶ್ರಮಬಲ ಸಮೀಕ್ಷೆಯ ಪ್ರಕಾರ ೨೦೨೩–೨೪ರಲ್ಲಿ ಗಂಡಸರು ನೂರಕ್ಕೆ ೭೮.೮, ಹೆಂಗಸರು ೪೧.೭ ಮಾತ್ರ.

ಇದೇ ಸಮೀಕ್ಷೆಯು ೨೦೧೭–೧೮ರಲ್ಲಿ ಮೊದಲ ಸಲ ನಡೆದಾಗ ಹೆಂಗಸರ ಪ್ರಮಾಣವು ೨೩.೩ ಆಗಿತ್ತು. ದೇಶದಲ್ಲಿ ೧೫ ವರ್ಷ ಮೀರಿದ ಹೆಂಗಸರು ೫೦ ಕೋಟಿಯೆಂದು ಇಟ್ಟುಕೊಂಡರೆ, ಆರು ವರ್ಷಗಳ ಈ ಏರಿಕೆಯಿಂದ ಸುಮಾರು ೯ ಕೋಟಿ ಜನರು ಲೆಕ್ಕಕ್ಕೆ ಸೇರಿದಂತಾಯಿತು. ಇದು ಜಪಾನಿನ ಇಡೀ ಶ್ರಮಬಲಕ್ಕಿಂತ ದೊಡ್ಡದು. ಇವರಲ್ಲಿ ಹೊಸದಾಗಿ ದುಡಿಮೆಗೆ ಇಳಿದವರೆಷ್ಟು, ಮೊದಲಿನಿಂದ ದುಡಿಯುತ್ತಿದ್ದು ಈಗ ಲೆಕ್ಕಕ್ಕೆ ಬಂದವರೆಷ್ಟು ಎಂಬುದು ವಿದ್ವಾಂಸರಲ್ಲಿ ಚರ್ಚೆಗೆ ಒಳಗಾದ ವಿಷಯ. ದುಡಿಯುವ ಹೆಂಗಸರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಮನೆಯ ಹೊಲದಲ್ಲಿಯೋ ಉದ್ದಿಮೆಯಲ್ಲಿಯೋ ಕೂಲಿಯಿಲ್ಲದೆ ನೆರವಾಗುವವರು ಎಂಬುದನ್ನು ಸಮೀಕ್ಷೆಯೇ ತೋರಿಸುತ್ತದೆ. ಇಂಥವರೇ ‘ಮನೇಲಿರ್ತಾರೆ’ ಎಂಬ ಒಂದು ಮಾತಿನಿಂದ ಸುಲಭವಾಗಿ ಬಿಟ್ಟುಹೋಗತಕ್ಕವರು.

ಕಾಲ ಮತ್ತು ಸ್ಥಳ

‘ದೇಶದಲ್ಲಿ ೬೦ ಕೋಟಿ ದುಡಿಯುವವರಿದ್ದರೆ, ಆಗಸ್ಟ್ ತಿಂಗಳಲ್ಲಿ ನಮಗೆ ಐದು ಹೆಣ್ಣಾಳು ಏಕೆ ಸಿಕ್ಕುವುದಿಲ್ಲ?’ ಎಂದು ಅಂಜನಾಪುರದ ರೈತನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ದೇಶದ ಮೊತ್ತವು ಸ್ಥಳವನ್ನೂ ಋತುವನ್ನೂ ಹೇಳುವುದಿಲ್ಲ. ನಗರದ ಅಂಚಿನಲ್ಲಿ ಕಟ್ಟಡದ ಕೆಲಸವೂ ಮನೆಗಳ ಚಾಕರಿಯೂ ವರ್ಷವಿಡೀ ದೊರೆಯುತ್ತವೆ. ಮಳೆಯನ್ನು ನಂಬಿದ ರಾಗಿಗಾದರೋ ಕಳೆಯ ಕಾಲದಲ್ಲಿ ಕೆಲವು ದಿನ, ಕೊಯ್ಲಿನ ಕಾಲದಲ್ಲಿ ಕೆಲವು ದಿನ ಆಳು ಬೇಕು; ಆ ದಿನಗಳಲ್ಲಿ ಎಲ್ಲ ಹೊಲಗಳಿಗೂ ಒಟ್ಟಿಗೆ ಬೇಕು.

ಎಣಿಸುವವರೂ ಇದನ್ನು ಬಲ್ಲರು. ಆದ್ದರಿಂದ ನಮ್ಮ ಸಮೀಕ್ಷೆಯಲ್ಲಿ ಎರಡು ಅಳತೆಗಳಿವೆ. ವರ್ಷದ ಅಳತೆಯಲ್ಲಿ ಮುಖ್ಯ ಕೆಲಸವನ್ನಲ್ಲದೆ ೩೦ ದಿನಗಳಿಗೆ ಕಡಮೆಯಿಲ್ಲದ ಉಪಕೆಲಸವನ್ನೂ ಪರಿಗಣಿಸುತ್ತಾರೆ. ವಾರದ ಅಳತೆಯಲ್ಲಿ ಹಿಂದಿನ ಏಳು ದಿನಗಳೊಳಗೆ ಒಂದು ಗಂಟೆಯಾದರೂ ಕೆಲಸ ಮಾಡಿದವರನ್ನು ಕೆಲಸದಲ್ಲಿರುವವರೆನ್ನುತ್ತಾರೆ. ಹೊಲದ ಕೆಲಸವನ್ನು ಮಾತ್ರ ಮಾಡುವ ಹೆಂಗಸು ೩೦ ದಿನಗಳಿಗೆ ಕಡಮೆಯಿಲ್ಲದೆ ದುಡಿದಿದ್ದರೆ ವರ್ಷದ ಅಳತೆಯಲ್ಲಿ ಸೇರುತ್ತಾಳೆ. ವಾರದ ಅಳತೆಯಲ್ಲಿ ಆಗಸ್ಟಿನಲ್ಲಿ ಸೇರಿ, ಹೊಲವು ಬರಿದಾಗಿರುವ ಏಪ್ರಿಲಿನಲ್ಲಿ ಹೊರಗುಳಿಯಬಹುದು. ಎರಡು ಅಂಕಿಗಳನ್ನು ಹೋಲಿಸುವಾಗ ಅವು ಒಂದೇ ಅಳತೆಯವೇ ಎಂಬುದನ್ನು ಮೊದಲು ನೋಡತಕ್ಕದ್ದು.

ಇನ್ನೊಂದು ಮಾತು. ಸಂಖ್ಯೆಯೇ ಸಾಮರ್ಥ್ಯವಲ್ಲ. ೨೦೨೩–೨೪ರಲ್ಲಿ ನಮ್ಮ ದೇಶದ ನೂರು ಮಂದಿ ದುಡಿಯುವವರಲ್ಲಿ ಸುಮಾರು ೪೬ ಮಂದಿ ಬೇಸಾಯದಲ್ಲಿದ್ದರು. ದೇಶದ ಉತ್ಪತ್ತಿಯ ನೂರು ರೂಪಾಯಿಗಳಲ್ಲಿ ಬೇಸಾಯದಿಂದ ಬಂದದ್ದು ಸುಮಾರು ೧೮. ಅಮೆರಿಕಾ ದೇಶದಲ್ಲಿ ಬೇಸಾಯಗಾರರು ನೂರಕ್ಕೆ ಇಬ್ಬರೂ ಇಲ್ಲ. ಅಲ್ಲಿನ ಭೂಮಿಯ ವಿಸ್ತಾರವೂ ಯಂತ್ರಗಳೂ ನಮ್ಮ ಸಣ್ಣ ಹಿಡುವಳಿಗಳಿಗೆ ಮಾದರಿಯಾಗಲಾರವು. ಆದರೆ ಪ್ರತಿಯೊಂದು ಕೈಯ ಉತ್ಪತ್ತಿಯನ್ನು ಹೆಚ್ಚಿಸುವ ಉಪಕರಣವೂ ತಿಳಿವಳಿಕೆಯೂ ನಮಗೂ ಬೇಕು. ನಮ್ಮ ದೇಶದಲ್ಲಿ ದುಡಿಯುವ ಹೆಂಗಸರ ಪೈಕಿ ನೂರಕ್ಕೆ ಸುಮಾರು ೬೪ ಮಂದಿ ಬೇಸಾಯದಲ್ಲಿರುವಾಗ, ಅವರನ್ನು ಬಿಟ್ಟು ಗಂಡಸರಿಗೆ ಮಾತ್ರ ಕಲಿಸಿದರೆ ಕುಂಟೆಯು ಗೋಡೆಗೆ ಒರಗಿಯೇ ಇರುವುದು.

ರೈತರು ಮಾಡಬೇಕಾದ್ದು

೧೯೯೧ರ ಜನಗಣತಿಯಲ್ಲಿ ಹೊಲದಲ್ಲಿ ಕೂಲಿಯಿಲ್ಲದೆ ಮಾಡುವ ಕೆಲಸವನ್ನೂ ಕೇಳಬೇಕೆಂದು ಪ್ರಶ್ನೆಯಲ್ಲಿಯೇ ಸೇರಿಸಲಾಯಿತು. ಮುಂದಿನ ಜನಗಣತಿಗೆ ೨೦೨೭ರ ಮಾರ್ಚಿ ೧ನೆಯ ತಾರೀಖನ್ನು ಗೊತ್ತುಮಾಡಿ ೨೦೨೫ರ ಜೂನಿನಲ್ಲಿ ಪ್ರಕಟಣೆಯು ಹೊರಟಿತು. ಪ್ರಶ್ನೆಯು ಎಷ್ಟು ಚೆನ್ನಾಗಿದ್ದರೂ ಉತ್ತರವು ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಆದಕಾರಣ ಗಣತಿಯವರಾಗಲಿ, ಸಮೀಕ್ಷೆಯವರಾಗಲಿ, ನಮ್ಮ ಇಲಾಖೆಯವರಾಗಲಿ ಮನೆಗೆ ಬಂದಾಗ ಈ ಕೆಳಗಿನವನ್ನು ಜ್ಞಾಪಕದಲ್ಲಿಡಬೇಕು.

೧. ಯಜಮಾನನೊಬ್ಬನೇ ಉತ್ತರ ಹೇಳದೆ, ಮನೆಯ ಹೆಂಗಸರನ್ನೂ ಕರೆದು ಅವರವರ ಕೆಲಸವನ್ನು ಅವರಿಂದಲೇ ಹೇಳಿಸಬೇಕು.

೨. ‘ಕೆಲಸವುಂಟೆ?’ ಎಂದರೆ ಸಂಬಳವೆಂದು ತಿಳಿಯಬಾರದು. ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ, ದನಕರುಗಳ ಪೋಷಣೆ ಇವುಗಳನ್ನು ಒಂದೊಂದಾಗಿ ಹೇಳಬೇಕು.

೩. ವರ್ಷದಲ್ಲಿ ಎಷ್ಟು ತಿಂಗಳು ಮಾಡಿದರೆಂಬುದನ್ನೂ ತಿಳಿಸಬೇಕು. ಹಿಂದಿನ ಜನಗಣತಿಗಳಲ್ಲಿ ಆರು ತಿಂಗಳಿಗೆ ಕಡಮೆಯಿಲ್ಲದೆ ದುಡಿದವರನ್ನು ಮುಖ್ಯ ದುಡಿಮೆಗಾರರೆಂದೂ, ಅದಕ್ಕಿಂತ ಕಡಮೆ ದುಡಿದವರನ್ನು ಅಲ್ಪಾವಧಿಯ ದುಡಿಮೆಗಾರರೆಂದೂ ವಿಂಗಡಿಸಿದ್ದಾರೆ.

೪. ಇಲ್ಲದ್ದನ್ನು ಸೇರಿಸಬಾರದು. ಓದುತ್ತಿರುವ ಮಗಳನ್ನು ಓದುತ್ತಿರುವಳೆಂದೇ ಹೇಳಬೇಕು. ಹೆಚ್ಚಿಸಿ ಹೇಳಿದ ಲೆಕ್ಕವೂ ಕಡಮೆ ಹೇಳಿದ ಲೆಕ್ಕದಷ್ಟೇ ಕೆಡುಕು.

ಈ ಲೇಖಕನು ಮಾರನೆಯ ವರ್ಷ ಅದೇ ಮನೆಗೆ ಹೋದಾಗ ಪ್ರಶ್ನೆಯನ್ನು ಬದಲಾಯಿಸಿ, ‘ಕಳೆ ಕೀಳುವವರು ಯಾರು? ಹಾಲು ಕರೆಯುವವರು ಯಾರು?’ ಎಂದು ಕೇಳಿದನು. ಯಜಮಾನನು ಸ್ವಲ್ಪ ಹೊತ್ತು ಯೋಚಿಸಿ ಹೆಂಡತಿಯನ್ನೂ ತಾಯಿಯನ್ನೂ ಹೊರಗೆ ಕರೆದನು. ಪಟ್ಟಿಯಲ್ಲಿ ‘ಮೂವರು’ ಎಂದು ಬರೆಯಲಾಯಿತು. ಆ ಸಲದ ಪ್ರಾತ್ಯಕ್ಷಿಕೆಗೆ ಹೆಂಗಸರೂ ಬಂದರು. ಕುಂಟೆಯ ಹಿಡಿಕೆಯನ್ನು ಅವರ ಎತ್ತರಕ್ಕೆ ಇಳಿಸಿ ಕೊಡಲಾಯಿತು.